ಕ್ಯಾಲೆಂಡರಿನ ಗುರುತೋ, ಮನೆ ಮುಂದಿನ ಕಟ್ಟೆಯೋ: ಬಳ್ಳಾರಿ ಬಿಸಿಲಿನಲ್ಲಿ ಎರಡು ಪುಸ್ತಕ

ದಿನಾ ಒಂದಿಷ್ಟು ಓದುವ ರೂಢಿ ಆಗಬೇಕು ಅಂದರೆ ಈಗ ಎಲ್ಲರೂ ಕೈಗಿಡುವುದು ಜೇಮ್ಸ್ ಕ್ಲಿಯರ್ ಅವರ ‘ಅಟಾಮಿಕ್ ಹ್ಯಾಬಿಟ್ಸ್’. ಅದನ್ನೂ, ಕ್ರಿಸ್ಟೋಫರ್ ಅಲೆಕ್ಸಾಂಡರ್ ಮತ್ತು ಸಂಗಡಿಗರು 1977ರಲ್ಲಿ ತಂದ, ಊರು-ಮನೆ ಕಟ್ಟುವ ಬಗೆ ಹೇಳುವ ‘ಎ ಪ್ಯಾಟರ್ನ್ ಲ್ಯಾಂಗ್ವೇಜ್’ ಅನ್ನೂ ಬಳ್ಳಾರಿಯ ಮನೆಯಲ್ಲಿ ಪ್ರಯೋಗಕ್ಕೆ ಇಟ್ಟರೆ ನನ್ನ ಮತ ಎರಡನೆಯದಕ್ಕೇ. 1,171 ಪುಟ, 253 ಪ್ಯಾಟರ್ನ್ (ಅಂದರೆ ಅಂಕಿ ಹಾಕಿದ ಕಟ್ಟುವ ಸೂತ್ರ), ಬೆಲೆ ಹಲವು ಪಟ್ಟು ಹೆಚ್ಚು. ಆದರೂ ಅದೇ.

ಕ್ಲಿಯರ್ ಅವರ ಪುಸ್ತಕದಲ್ಲಿ ನಿಜಕ್ಕೂ ಕೆಲಸಕ್ಕೆ ಬರುವುದು ಆರನೇ ಅಧ್ಯಾಯ. ಮನಸ್ಸು ಗಟ್ಟಿ ಮಾಡಿಕೊಳ್ಳುವುದಕ್ಕಿಂತ ಸುತ್ತಲಿನ ಜಾಗ ಬದಲಿಸಿ ಅನ್ನುವುದು ಅದರ ಸಾರ. ಮ್ಯಾಸಚೂಸೆಟ್ಸ್ ಜನರಲ್ ಆಸ್ಪತ್ರೆಯ ಕ್ಯಾಂಟೀನಿನಲ್ಲಿ ಯಾರಿಗೂ ಬುದ್ಧಿ ಹೇಳದೆ ನೀರಿನ ಬಾಟಲಿಗಳನ್ನು ಕಣ್ಣೆದುರು ಜೋಡಿಸಿದ್ದಕ್ಕೇ ಮೂರು ತಿಂಗಳಲ್ಲಿ ಸೋಡಾ ಮಾರಾಟ ಶೇ 11.4 ಇಳಿದು, ನೀರಿನದು ಶೇ 25.8 ಏರಿತು. ಒಪ್ಪುವ ಮಾತು. ದಿನಕ್ಕೆ ಶೇ 1 ಸುಧಾರಿಸಿದರೆ ವರ್ಷಕ್ಕೆ 37 ಪಟ್ಟು ಅನ್ನುವ ಲೆಕ್ಕ ಚಕ್ರಬಡ್ಡಿಗೆ ಸರಿ, ಓದುವ ಪುಟಗಳಿಗೆ ಅಲ್ಲ.

ಆದರೆ ಅವರು ಹೇಳುವ ಜಾಗ ಮೇಜಿನ ಮೇಲಿನದು. ಪುಸ್ತಕ ಕಣ್ಣಿಗೆ ಬೀಳುವಂತಿಡಿ, ಫೋನು ಬೇರೆ ಕೋಣೆಯಲ್ಲಿಡಿ, ಎರಡೇ ನಿಮಿಷದಿಂದ ಶುರು ಮಾಡಿ, ಮಾಡಿದ ದಿನ ಕ್ಯಾಲೆಂಡರಿನಲ್ಲಿ ಗುರುತು ಹಾಕಿ. ಗೋಡೆ, ಕಿಟಕಿ, ಮಾಳಿಗೆ ಆ ಲೆಕ್ಕದಲ್ಲಿಲ್ಲ. ಏಪ್ರಿಲ್‌ನಲ್ಲಿ ನಮ್ಮ ಆರ್‌ಸಿಸಿ ಸ್ಲ್ಯಾಬು ಹಗಲೆಲ್ಲ ಕುಡಿದ ಕಾವನ್ನು ರಾತ್ರಿ ಊಟ ಮುಗಿದ ಮೇಲೂ ಕೆಳಗೆ ಬಿಡುತ್ತಲೇ ಇರುತ್ತದೆ. ಅಂಥ ಕೋಣೆಯಲ್ಲಿ ಪುಸ್ತಕ ಎಷ್ಟು ಕಣ್ಣಿಗೆ ಬಿದ್ದರೂ ಆ ಎರಡು ನಿಮಿಷ ಕೂರಲಾಗದು. ಪ್ರತಿ ಮಾರ್ಚಿನಲ್ಲಿ ಮಾಳಿಗೆಗೆ ಸೋಸಿದ ಸುಣ್ಣ ಎರಡು ಕೈ ಬಳಿಯುವುದು ಕ್ಯಾಲೆಂಡರಿನಲ್ಲಿ ಗುರುತು ಹಾಕುವುದಕ್ಕಿಂತ ಹೆಚ್ಚು ಓದಿಸುತ್ತದೆ.

ಅಲೆಕ್ಸಾಂಡರ್ ಕೂರುವ ಜಾಗಕ್ಕೇ ಅಳತೆ ಕೊಡುತ್ತಾರೆ. ಕೂರುವ ಗೋಡೆ 16 ಇಂಚು ಎತ್ತರ, ಕಡಿಮೆಯೆಂದರೆ 12 ಇಂಚು ಅಗಲ: ನಮ್ಮ ಹಳೇ ಮನೆಗಳ ಮುಂದಿನ ಕಟ್ಟೆಯೇ ಅದು. ಕಿಟಕಿಯ ಕೆಳಗಟ್ಟು ನೆಲದಿಂದ 12ರಿಂದ 14 ಇಂಚು. ಬಾಲ್ಕನಿ ಆರಡಿಗಿಂತ ಕಡಿಮೆ ಆಳವಿದ್ದರೆ ಯಾರೂ ಬಳಸುವುದಿಲ್ಲ, ಯಾಕೆಂದರೆ ಎರಡು ಕುರ್ಚಿ, ಒಂದು ಸಣ್ಣ ಮೇಜು ಹಾಕಿ ಕಾಲು ಚಾಚಲು ಅಷ್ಟು ಬೇಕು. ಹೊಸ ಬಡಾವಣೆಗಳ ಮೂರಡಿ ಬಾಲ್ಕನಿಗಳಲ್ಲಿ ಬಟ್ಟೆ ಒಣಗುವುದು ಬಿಟ್ಟು ಬೇರೇನು ನಡೆಯುತ್ತದೆ, ಒಮ್ಮೆ ತಲೆಯೆತ್ತಿ ನೋಡಿ.

ತೊಡಕಿರುವುದು 105ನೇ ಪ್ಯಾಟರ್ನಿನಲ್ಲಿ. ಮನೆಯನ್ನು ಉತ್ತರಕ್ಕೆ ಸರಿಸಿ, ಅಂಗಳವನ್ನು ದಕ್ಷಿಣಕ್ಕೆ ಬಿಡಿ ಅನ್ನುತ್ತದೆ. ಲೇಖಕರು ಗಟ್ಟಿಯಾಗಿ ನಂಬಿದವಕ್ಕೆ ಎರಡು ನಕ್ಷತ್ರ ಹಾಕಿದ್ದಾರೆ, ಇದಕ್ಕೂ ಹಾಕಿದ್ದಾರೆ. ಬಿಸಿಲಿದ್ದರೆ ಜನ ಹೊರಗೆ ಕೂರುತ್ತಾರೆ, ಇಲ್ಲದಿದ್ದರೆ ಇಲ್ಲ ಅನ್ನುವುದು ಅದರ ತಳಹದಿ. ಮರುಭೂಮಿಯ ಹವೆಗೆ ಇದು ಸಲ್ಲದು ಅನ್ನುವ ಮಾತು ಅರ್ಧ ಸಾಲಿನಲ್ಲಿ ಬಂದು ಹೋಗುತ್ತದೆ, ಓದುವ ಭರದಲ್ಲಿ ಕಣ್ತಪ್ಪುತ್ತದೆ. ನಮ್ಮಲ್ಲಿ ಮರುಭೂಮಿ ಇಲ್ಲ, ಆದರೆ 40 ಡಿಗ್ರಿ ದಾಟುವ ಬೇಸಿಗೆ ಇದೆ.

ಪುಸ್ತಕ ಹುಟ್ಟಿದ ಕ್ಯಾಲಿಫೋರ್ನಿಯಾದ ಬರ್ಕ್ಲಿ 38ನೇ ಅಕ್ಷಾಂಶದ ಹತ್ತಿರ. ಅಲ್ಲಿ ಡಿಸೆಂಬರಿನ ನಡುಮಧ್ಯಾಹ್ನ ಸೂರ್ಯ ಏರುವುದು 29 ಡಿಗ್ರಿಯಷ್ಟೇ. 15ನೇ ಅಕ್ಷಾಂಶದ ಬಳ್ಳಾರಿಯಲ್ಲಿ ಅದೇ ದಿನ 51 ಡಿಗ್ರಿ. ಮೇ ಶುರುವಿನಿಂದ ಆಗಸ್ಟ್ ಎರಡನೇ ವಾರದವರೆಗಂತೂ ಮಧ್ಯಾಹ್ನದ ಸೂರ್ಯ ನೆತ್ತಿ ದಾಟಿ ಉತ್ತರದ ಕಡೆಗೇ ಇರುತ್ತಾನೆ. ಹಾಗಾಗಿ ದಕ್ಷಿಣ ನಮಗೆ ವರವೂ ಅಲ್ಲ, ಶಾಪವೂ ಅಲ್ಲ: ನಾಲ್ಕಡಿ ಎತ್ತರದ ಕಿಟಕಿಗೆ ಎರಡಡಿ ಸಜ್ಜಾ ಇದ್ದರೆ ಫೆಬ್ರುವರಿ ಕೊನೆಯಿಂದ ಅಕ್ಟೋಬರ್ ಮೂರನೇ ವಾರದವರೆಗೆ ಮಧ್ಯಾಹ್ನದ ಬಿಸಿಲು ಒಳಗೆ ಬರದು. ನಿಜವಾದ ಕಾಟ ಪಶ್ಚಿಮದ್ದು. ಸಂಜೆ ನಾಲ್ಕರ ಬಿಸಿಲು ಓರೆಯಾಗಿ ಸಜ್ಜಾದ ಕೆಳಗಿನಿಂದಲೇ ನುಗ್ಗುತ್ತದೆ. ಆ ಕಡೆ ಬಚ್ಚಲು, ಮೆಟ್ಟಿಲು, ಸಾಮಾನಿನ ಕೋಣೆ ಬರಲಿ, ಇಲ್ಲವೇ ಒಂದು ಬೇವಿನ ಮರ ಇರಲಿ. ಕೂರುವ ಅಂಗಳ ಪೂರ್ವಕ್ಕಿರಲಿ. ಮಧ್ಯಾಹ್ನ ತಿರುಗಿದ ಮೇಲೆ ಮನೆಯ ನೆರಳೇ ಅದರ ಮೇಲೆ ಬೀಳುತ್ತದೆ. ಆ ಪ್ಯಾಟರ್ನಿನ ‘ದಕ್ಷಿಣ’ವನ್ನು ಪೆನ್ಸಿಲಿನಲ್ಲಿ ‘ಪೂರ್ವ’ ಎಂದು ತಿದ್ದಿಕೊಂಡರೆ ಮುಂದಿನದೆಲ್ಲ ಸಲೀಸು.

ಪ್ರತಿ ಕೋಣೆಗೆ ಎರಡು ಕಡೆಯಿಂದ ಬೆಳಕು ಅನ್ನುವ 159ನೆಯದು ಅಪ್ಪಟ ಸತ್ಯ. ಅಕ್ಕಪಕ್ಕ ಗೋಡೆ ಒತ್ತಿಕೊಂಡಿದ್ದರೆ ಮಾಳಿಗೆಯಲ್ಲಿ ಬೆಳಕಿಂಡಿ ಬಿಡಿ, ಸುತ್ತ ಆರಿಂಚು ಕಟ್ಟು ಎತ್ತಿ.

ಬಾಡಿಗೆ ಮನೆಯವರಿಗೆ ಕ್ಲಿಯರ್ ಸಾಕು, ಅದರಲ್ಲೂ ಆರನೇ ಅಧ್ಯಾಯ. ಸ್ವಂತ ಗೋಡೆ ಮುಟ್ಟುವ ಹಕ್ಕಿದ್ದವರು, ಪುಟ ಹಾರಿಸಿ ಓದುವ ನನ್ನಂಥವರು ಅಲೆಕ್ಸಾಂಡರ್ ತೆಗೆದುಕೊಳ್ಳಿ. ಪುಸ್ತಕದ ದುಡ್ಡು ಒಂದು ಕಟ್ಟೆಯಲ್ಲೇ ತೀರುತ್ತದೆ.

ಮನೆ ಗೋಡೆಗೆ ತಾಗಿದ, ಆರಡಿ ಉದ್ದ, ಒಂದೂವರೆ ಅಡಿ ಅಗಲದ ಕಟ್ಟೆಗೆ 16x8x6 ಇಂಚಿನ ಸಾಲಿಡ್ ಬ್ಲಾಕು 14 ಸಾಕು, ಎರಡು ವರಸೆ. ಮೊದಲ ವರಸೆಯನ್ನು ಎರಡಿಂಚು ನೆಲದೊಳಗೆ ಇಳಿಸಿದರೆ ಮೇಲಿನ ಚಪ್ಪಡಿ ಸೇರಿ ಎತ್ತರ 16 ಇಂಚಿನ ಹತ್ತಿರ ಬರುತ್ತದೆ. ಒಳಗೆ ಗರಸು ತುಂಬಿ ನೀರು ಹಾಕಿ ಗುದ್ದಿ. ಗುದ್ದದಿದ್ದರೆ ಮೊದಲ ಮಳೆಗೇ ಕುಸಿದು ಚಪ್ಪಡಿ ಬಿರಿಯುತ್ತದೆ. ಹೊರಗಡೆಗೆ ಅರ್ಧ ಇಂಚು ಇಳಿಜಾರು ಕೊಡಿ. ಮೇಲಕ್ಕೆ ಶಹಾಬಾದ್ ಕಲ್ಲು ಹಾಕಿ, ಕರಿ ಕಡಪ ಬೇಡ. ಬೆಳಗಿನ ಬಿಸಿಲಿಗೆ ಕಾದರೆ ಬಹಳ ಹೊತ್ತು ಕೂರಲು ಬಿಡದು.