ಗಿಟಾರ್‌ಗೆ "ನೈಟ್ರೋ ಕಿಟ್" ಅಂತ ಗೇಟಿನ ಎನಾಮಲ್ ಮಾರ್ತಿದ್ದಾರೆ, ಕೊಳ್ಳಬೇಡಿ

ಎಲೆಕ್ಟ್ರಿಕ್ ಗಿಟಾರಿನ ಮರದ ಬಾಡಿ ಮೇಲೆ ಮನೇಲೇ ಹೊಸ ಬಣ್ಣ ಹೊಡೀಬೇಕು ಅಂತಿರೋರು ದಯವಿಟ್ಟು ಇದನ್ನ ಓದಿ. "ವಿಂಟೇಜ್ ನೈಟ್ರೋ ಫಿನಿಶ್ ಕಿಟ್" ಅಂತ ಆನ್‌ಲೈನ್‌ನಲ್ಲಿ ಒಬ್ಬ ಮಾರ್ತಿದ್ದಾನೆ. ಬಣ್ಣದ ಸ್ಪ್ರೇ ಡಬ್ಬಿ, ಅದರ ಮೇಲೆ ಹೊಡೆಯೋ ಪಾರದರ್ಶಕ ಕ್ಲಿಯರ್ ಡಬ್ಬಿ, ನಾಲ್ಕು ಹಾಳೆ ವಾಟರ್ ಪೇಪರ್, ಮೇಲೊಂದು ಚೆಂದದ ಪೆಟ್ಟಿಗೆ. ನೈಟ್ರೋ ಅಂದ್ರೆ ಹಳೇ ಕಾಲದ ಗಿಟಾರ್‌ಗಳಿಗೆ ಹೊಡೀತಿದ್ದ ನೈಟ್ರೋಸೆಲ್ಯುಲೋಸ್ ಲ್ಯಾಕರ್. ಆ ಬಣ್ಣ ನೈಟ್ರೋ ಅಲ್ಲ. ಅಲ್ಲವೇ ಅಲ್ಲ. ನನಗೆ ಬಂದಿದ್ದು ಕಬ್ಬಿಣದ ಗೇಟಿಗೆ ಹೊಡೆಯೋ ಸಿಂಥೆಟಿಕ್ ಎನಾಮಲ್.

ನಮ್ಮಣ್ಣನ ಹಳೇ ಗಿಟಾರ್ ಅದು, ಫೆಂಡರ್ ಕಂಪನಿಯ ಸ್ಟ್ರಾಟ್ ಮಾದರಿಯದು. ಅವನು ದಸರಾಕ್ಕೆ ಬರೋ ಹೊತ್ತಿಗೆ ಸಿದ್ಧ ಮಾಡಿಡೋಣ ಅಂತಿದ್ದೆ. ಫ್ಯಾಕ್ಟರಿಯ ಪಾಲಿಯೆಸ್ಟರ್ ಬಣ್ಣ ತೆಗೆದವರಿಗೇ ಗೊತ್ತು ಅದೆಂಥಾ ಕೆಲಸ ಅಂತ. ಥಿನ್ನರ್‌ಗೆ ಜಪ್ಪಯ್ಯ ಅನ್ನಲ್ಲ. ಹೀಟ್ ಗನ್ ಹಿಡಿದು, ಸ್ಕ್ರೇಪರ್‌ನಲ್ಲಿ ಎಬ್ಬಿಸಿ, ತಿರುವುಗಳಲ್ಲಿ ಬೆರಳಿಗೆ ಸ್ಯಾಂಡ್ ಪೇಪರ್ ಸುತ್ತಿಕೊಂಡು ಉಜ್ಜಿ, 120, 220, 320 ಅಂತ ಒಂದೊಂದೇ ಇಳಿಸಿಕೊಂಡು ಬಂದು, ನೆಕ್ ಕೂರೋ ಜಾಗಕ್ಕೆ ಟೇಪ್ ಅಂಟಿಸಿ, ಸೀಲರ್ ಹೊಡೆದು ಮತ್ತೆ ಉಜ್ಜಿದ್ದೆ. ಮರ ಕನ್ನಡಿ ಥರ ಇತ್ತು ಸ್ವಾಮಿ.

ಕೊಳ್ಳೋ ಮುಂಚೆ ಅವನನ್ನ ಸ್ಪಷ್ಟವಾಗಿ ಕೇಳಿದ್ದೆ, "ಕಲರ್ ಕೂಡ ನೈಟ್ರೋಸೆಲ್ಯುಲೋಸಾ, ಬರೀ ಕ್ಲಿಯರ್ ಮಾತ್ರಾನಾ?" ಅಂತ. ಅವನ ಉತ್ತರ ಇನ್ನೂ ಫೋನಿನಲ್ಲಿದೆ: "100% ನೈಟ್ರೋ ಬ್ರೋ, ಎರಡೂ. ಅರವತ್ತರ ದಶಕದಲ್ಲಿ ಫೆಂಡರ್‌ನೋರು ಹೊಡೀತಿದ್ದಿದ್ದು ಇದೇ." ಜೊತೆಗೆ ನಾನು ಕೇಳಿದ್ದ ಫಿಯೆಸ್ಟಾ ರೆಡ್ ಬಣ್ಣದ ಕಥೆ ಬೇರೆ. 1956ರ ಫೋರ್ಡ್ ಥಂಡರ್‌ಬರ್ಡ್ ಕಾರಿನ ಬಣ್ಣ, ಫೆಂಡರ್‌ನೋರು ಡ್ಯುಪಾಂಟ್ ಕಾರ್ ಪೇಂಟನ್ನೇ ಗಿಟಾರ್‌ಗೆ ಹೊಡೀತಿದ್ರು ಅಂತೆಲ್ಲ. ಕಥೆ ನಿಜ. ಅದಕ್ಕೇ ಹೊಟ್ಟೆ ಉರಿಯೋದು. ಇಷ್ಟೆಲ್ಲ ಗೊತ್ತಿರೋನಿಗೆ ಡಬ್ಬಿಯೊಳಗೆ ಏನಿದೆ ಅಂತ ಗೊತ್ತಿರಲಿಲ್ವಾ?

ಬಣ್ಣ ಬಂತು. ಮೊದಲು ಮರದ ತುಂಡಿನ ಮೇಲೆ ಹೊಡೆದೆ, ಚೆನ್ನಾಗೇ ಕೂತಿತು. ಫಿಯೆಸ್ಟಾ ರೆಡ್‌ನಲ್ಲಿ ಸ್ವಲ್ಪ ಕಿತ್ತಳೆಯ ಛಾಯೆ ಇರಬೇಕು, ಇದು ಅಪ್ಪಟ ಕೆಂಪು. ಕೇಳಿದ್ದಕ್ಕೆ "ಕ್ಲಿಯರ್ ಬಿದ್ದ ಮೇಲೆ ಟೋನ್ ಬರುತ್ತೆ ಬ್ರೋ" ಅಂದ. ನಂಬಿ ಗಿಟಾರಿಗೂ ಹೊಡೆದೆ. ಒಂದು ದಿನ ಒಣಗಲಿ ಸಾಕು ಅಂದಿದ್ದ, ನಾನು ಅದಕ್ಕಿಂತ ಎಷ್ಟೋ ಹೆಚ್ಚು ದಿನ ಬಿಟ್ಟೆ.

ಆಮೇಲೆ ಕ್ಲಿಯರ್ ಹೊಡೆದೆ. ಮೊದಲ ಕೋಟು ತೆಳ್ಳಗೆ, ಏನೂ ಆಗಲಿಲ್ಲ. ಎರಡನೇದು ಹೊಡೆದು ಡಬ್ಬಿ ಕೆಳಗಿಡೋಷ್ಟರಲ್ಲಿ ಗಿಟಾರ್ ಬಾಡಿಯ ಕೊಂಬಿನ ಹತ್ತಿರ ಏನೋ ಅಲ್ಲಾಡಿದ ಹಾಗಾಯ್ತು. ನೋಡ್ತಾ ಇದ್ದ ಹಾಗೇ ಬಣ್ಣ ಸುಕ್ಕುಗಟ್ಟುತ್ತಾ ಹೋಯ್ತು, ಕಾದ ಹಾಲಿನ ಮೇಲೆ ಕೆನೆ ಮುದುಡೋ ಹಾಗೆ. ಕೊಂಬು, ಅಂಚು, ಆಮೇಲೆ ಮುಂಭಾಗ ಪೂರ್ತಿ. ಏನೂ ಮಾಡೋಕಾಗಲಿಲ್ಲ, ನಿಂತು ನೋಡೋದಷ್ಟೇ. ಅಮ್ಮ ಬಾಗಿಲಲ್ಲಿ ನಿಂತು "ಯಾಕೋ ಹಂಗಾಯ್ತು?" ಅಂತ ಕೇಳಿದ್ರೆ ಏನು ಹೇಳೋದು?

ಫೋಟೋ ಕಳಿಸಿದೆ. ಅವನ ಉತ್ತರಗಳನ್ನ ಹಾಗೇ ಹಾಕ್ತೀನಿ:

"ಹ್ಯುಮಿಡಿಟಿ ಬ್ರೋ." ತೇವಕ್ಕೆ ನೈಟ್ರೋ ಬೆಳ್ಳಗೆ ಮಂಜು ಕಟ್ಟುತ್ತೆ, ಸುಕ್ಕಾಗಲ್ಲ. ಹಾಗಂತ ಬರೆದೆ.
"ದಪ್ಪ ಹೊಡೆದಿದೀರ." ವಿಡಿಯೋ ಕಳಿಸಿದೆ.
"ಮರದ ಪ್ರಾಬ್ಲಮ್ ಇರಬಹುದು."
"ಅನ್‌ಬಾಕ್ಸಿಂಗ್ ವಿಡಿಯೋ ಇದ್ಯಾ?" ಬಣ್ಣ ಸುಕ್ಕಾಗಿದ್ದಕ್ಕೂ ಪೆಟ್ಟಿಗೆ ಬಿಚ್ಚಿದ ವಿಡಿಯೋಗೂ ಏನ್ರೀ ಸಂಬಂಧ!
ಕೊನೆಗೆ, "ಇನ್ನೊಂದು ಕಿಟ್ ತಗೊಳ್ಳಿ, 20% ಡಿಸ್ಕೌಂಟ್ ಕೊಡ್ತೀನಿ."

ಇನ್ನೊಂದು ಕಿಟ್ಟಂತೆ!

ಅವತ್ತೇ ಸಂಜೆ ಥಿನ್ನರ್ ಬಟ್ಟೆಯಲ್ಲಿ ಕೈ ಒರೆಸಿಕೊಂಡು ಬಣ್ಣದ ಡಬ್ಬಿ ಎತ್ತಿದಾಗ ಅದರ ಸ್ಟಿಕ್ಕರ್ ಜಾರಿತು. ಕಿತ್ತೆ. ಕೆಳಗೆ ಇನ್ನೊಂದು ಲೇಬಲ್: ಸಿಂಥೆಟಿಕ್ ಎನಾಮಲ್, ಸಿಗ್ನಲ್ ರೆಡ್. ಎಂಆರ್‌ಪಿ 260 ರೂಪಾಯಿ. ಕಿಟ್‌ಗೆ ನಾನು ಕೊಟ್ಟಿದ್ದು 3,800. ಆ ಲೇಬಲ್ಲಿನ ಫೋಟೋ ಕಳಿಸಿದೆ. ನೀಲಿ ಟಿಕ್ ಬಂತು. ಆಮೇಲೆ ಬ್ಲಾಕ್.

ನಮ್ಮ ಬೀದಿಯಲ್ಲಿ ಫರ್ನಿಚರ್ ಪಾಲಿಶ್ ಮಾಡೋ ಯಜಮಾನರೊಬ್ಬರಿದ್ದಾರೆ. ಬಾಡಿ ತಗೊಂಡೋಗಿ ತೋರಿಸಿದೆ. ಮೂಸಿ ನೋಡಿ, "ಎನಾಮಲ್ ಮೇಲೆ ಲ್ಯಾಕರ್ ಹೊಡೆದ್ರೆ ಏಳದೆ ಇನ್ನೇನಾಗುತ್ತಪ್ಪ?" ಅಂದರು. ವಿಷಯ ಇಷ್ಟೇ. ನೈಟ್ರೋ ಒಣಗೋದು ಥಿನ್ನರ್ ಆರಿಹೋಗಿ. ಹಾಗಾಗಿ ಮೇಲಿನ ಕೋಟು ಕೆಳಗಿನದನ್ನ ಕರಗಿಸಿ ಒಂದಾಗುತ್ತೆ. ಎನಾಮಲ್ ಗಾಳಿಯ ಆಮ್ಲಜನಕ ಹೀರಿಕೊಂಡು ಗಟ್ಟಿಯಾಗುತ್ತೆ, ಅದೂ ನಿಧಾನವಾಗಿ. ಅದರ ಮೇಲೆ ಲ್ಯಾಕರಿನ ಖಾರ ಥಿನ್ನರ್ ಬಿದ್ರೆ ಕರಗಲ್ಲ, ಉಬ್ಬಿ ಏಳುತ್ತೆ. ಕಿಟ್ಟಿನಲ್ಲಿದ್ದ ಕ್ಲಿಯರ್ ಮಾತ್ರ ನಿಜವಾದ ಲ್ಯಾಕರ್. ಎರಡನ್ನೂ ಒಂದೇ ಪೆಟ್ಟಿಗೆಯಲ್ಲಿಟ್ಟು ಮಾರಿದ್ದಾನೆ ಆ ಮನುಷ್ಯ!

ಆ ಯಜಮಾನರು ಬಳಸೋ ಎನ್‌ಸಿ ಸ್ಯಾಂಡಿಂಗ್ ಸೀಲರ್, ಎನ್‌ಸಿ ಕ್ಲಿಯರ್ ಲ್ಯಾಕರ್ ಕೂಡ ನೈಟ್ರೋಸೆಲ್ಯುಲೋಸೇ. ಪಾಲಿಶ್ ಸಾಮಾನು ಮಾರೋ ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುತ್ತೆ. ವಿಂಟೇಜ್ ಅಂತ ಯಾರೂ ಕೂಗಲ್ಲ ಅಷ್ಟೇ.

ಯಾರೇ ಮಾರಲಿ, ತಯಾರಕರ ಹೆಸರು, ತಯಾರಾದ ತಿಂಗಳು, ಎಂಆರ್‌ಪಿ ಇಲ್ಲದ ಡಬ್ಬಿ ಮುಟ್ಟಬೇಡಿ. ಸ್ಟಿಕ್ಕರ್ ಅಂಚನ್ನ ಉಗುರಲ್ಲಿ ಎಬ್ಬಿಸಿ ನೋಡಿ. ತುಂಡು ಮರದ ಮೇಲೆ ಬಣ್ಣ ಒಣಗಿದ ಮೇಲೆ ಎನ್‌ಸಿ ಥಿನ್ನರ್ ಬಟ್ಟೆ ಒತ್ತಿ: ನೈಟ್ರೋ ಆದ್ರೆ ಕರಗಿ ಬಟ್ಟೆಗೆ ಹತ್ತುತ್ತೆ, ಎನಾಮಲ್ ಆದ್ರೆ ಸುಕ್ಕಾಗಿ ಏಳುತ್ತೆ. ದುಡ್ಡು ಮುಂಗಡ ಕೇಳಿದ್ರೆ ಬಿಟ್ಟುಬಿಡಿ. ನಾನು ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಟ್ಟಿದ್ದೀನಿ. ಮೋಸ ಹೋದೋರು ನೀವೂ ಕೊಡಿ, ನಾಚಿಕೆ ಪಟ್ಕೊಂಡು ಸುಮ್ಮನಿರಬೇಡಿ.

ನಿನ್ನೆ ಸ್ನೇಹಿತನ ಫೋನಿನಲ್ಲಿ ನೋಡಿದೆ. ಅದೇ ಪೆಟ್ಟಿಗೆ, ಅದೇ ಫೋಟೋ, ಪೇಜಿಗೆ ಮಾತ್ರ ಹೊಸ ಹೆಸರು. ಈಗ ಸರ್ಫ್ ಗ್ರೀನ್ ಮಾರ್ತಿದ್ದಾನೆ.