ಲಾಳಿಕೆಯೋ ಬನಿಯನ್ನೋ: ಶಸ್ತ್ರಚಿಕಿತ್ಸೆಯಾದ ಎರಡು ಬೆಕ್ಕುಗಳ ಆರೈಕೆ

ನಮ್ಮ ಮನೆಯ ಎರಡು ಹೆಣ್ಣು ಬೆಕ್ಕುಗಳಿಗೆ ಎಂಟು ತಿಂಗಳ ಅಂತರದಲ್ಲಿ ಸಂತಾನಹರಣ ಶಸ್ತ್ರಚಿಕಿತ್ಸೆಯಾಯಿತು. ಹಿರಿಯಳಾದ ಚಿನ್ನಿಯ ಸರದಿ ಬಂದದ್ದು ಮಂಗಳೂರಿನ ಜುಲೈ ಮಳೆಯಲ್ಲಿ, ಕಿರಿಯಳಾದ ಪುಟ್ಟಿಯದು ಮಾರ್ಚ್ ತಿಂಗಳ ಸೆಕೆಯಲ್ಲಿ. ಇಬ್ಬರಿಗೂ ಹೊಟ್ಟೆಯ ನಡುವೆಯೇ ಕೊಯ್ದು ಗರ್ಭಕೋಶವನ್ನೂ ಅಂಡಾಶಯಗಳನ್ನೂ ತೆಗೆಯಲಾಗಿತ್ತು. 10ರಿಂದ 14 ದಿನಗಳವರೆಗೆ ಜಿಗಿಯಲು ಬಿಡಬಾರದು, ಗಾಯವನ್ನು ನೆಕ್ಕಲು ಬಿಡಬಾರದು ಎಂಬ ಎರಡೇ ಸೂಚನೆಗಳನ್ನು ವೈದ್ಯರು ಎರಡು ಬಾರಿಯೂ ಕೊಟ್ಟಿದ್ದರು. ಕೇಳಲು ಸುಲಭವಾದ ಈ ಎರಡು ಮಾತುಗಳನ್ನು ಪಾಲಿಸುವುದಕ್ಕಾಗಿ ನಾನು ಕೊಂಡ, ಹೊಲಿದ, ಎರವಲು ತಂದ ಸಾಮಗ್ರಿಗಳಲ್ಲಿ ಯಾವುದು ಬೆಕ್ಕಿಗೆ ನೆಮ್ಮದಿ ಕೊಟ್ಟಿತು, ಯಾವುದು ನನಗೆ ಮಾತ್ರ ನೆಮ್ಮದಿ ಕೊಟ್ಟಿತು ಎಂಬುದನ್ನು ಇಲ್ಲಿ ಹೋಲಿಸಿದ್ದೇನೆ. ಬೆಕ್ಕುಗಳ ಸ್ವಭಾವವೂ ಬೇರೆ, ಋತುವೂ ಬೇರೆಯಾಗಿದ್ದುದರಿಂದ ಇದು ತಕ್ಕಡಿಯಲ್ಲಿಟ್ಟು ತೂಗಿದ ಹೋಲಿಕೆಯಲ್ಲ.

ಬೆಕ್ಕಿಗೆ ಹಾಯಾಗಿದೆಯೇ ಇಲ್ಲವೇ ಎಂಬುದನ್ನು ತಿಳಿಯುವ ಬಗೆಯನ್ನೇ ನಾನು ಮೊದಲು ಕಲಿಯಬೇಕಾಯಿತು. ಚಿನ್ನಿ ಮನೆಗೆ ಬಂದ ಸಂಜೆ ಗುರುಗುರು ಎನ್ನುತ್ತಿದ್ದಳು, ನಾನು ಅದನ್ನು ಸಮಾಧಾನದ ಸದ್ದೆಂದೇ ನಂಬಿದೆ. ಆದರೆ ನೋವಿನಲ್ಲಿರುವ ಬೆಕ್ಕೂ ಗುರುಗುಡುತ್ತದೆ. ಕೆನಡಾದ ಮಾಂಟ್ರಿಯಲ್ ವಿಶ್ವವಿದ್ಯಾಲಯದವರು 2019ರಲ್ಲಿ ಪ್ರಕಟಿಸಿದ ‘ಫೀಲೈನ್ ಗ್ರಿಮೇಸ್ ಸ್ಕೇಲ್’ ಎಂಬ ಅಳತೆಯಲ್ಲಿ ಕಿವಿಗಳು ಎಷ್ಟು ಅಗಲಕ್ಕೆ ತಿರುಗಿವೆ, ಕಣ್ಣು ಎಷ್ಟು ಕಿರಿದಾಗಿದೆ, ಮೂತಿ ಬಿಗಿದಿದೆಯೇ, ಮೀಸೆ ನೆಟ್ಟಗಾಗಿದೆಯೇ, ತಲೆ ಭುಜಕ್ಕಿಂತ ಕೆಳಗಿಳಿದಿದೆಯೇ ಎಂಬ ಐದು ಅಂಶಗಳಿಗೆ ಸೊನ್ನೆಯಿಂದ ಎರಡರವರೆಗೆ ಅಂಕ ಕೊಡುತ್ತಾರೆ. ಒಟ್ಟು 10ರಲ್ಲಿ 4 ಅಥವಾ ಅದಕ್ಕಿಂತ ಹೆಚ್ಚು ಬಂದರೆ ನೋವಿಗೆ ಔಷಧ ಬೇಕೆಂದು ಅರ್ಥ. ಪುಟ್ಟಿಯ ಸರದಿಯ ಹೊತ್ತಿಗೆ ನಾನು ಈ ಐದನ್ನು ಅಡುಗೆಮನೆಯ ಕ್ಯಾಲೆಂಡರಿನ ಅಂಚಿನಲ್ಲಿ ಬರೆದುಕೊಂಡಿದ್ದೆ. ಬೆಕ್ಕು ನೋವಿನಿಂದ ಮುದುಡಿದೆಯೋ, ಕೊರಳಿಗೆ ಕಟ್ಟಿದ್ದರ ಮೇಲಿನ ಸಿಟ್ಟಿನಿಂದ ಮುದುಡಿದೆಯೋ ಎಂಬುದನ್ನು ಬೇರ್ಪಡಿಸಲು ಇದರಷ್ಟು ಉಪಯೋಗಕ್ಕೆ ಬಂದದ್ದು ಬೇರೊಂದಿಲ್ಲ.

ಮೊದಲನೆಯ ಆಯ್ಕೆ, ಚಿಕಿತ್ಸಾಲಯದಲ್ಲಿಯೇ ಚಿನ್ನಿಯ ಕೊರಳಿಗೆ ತೊಡಿಸಿ ಕಳುಹಿಸಿದ ಪ್ಲಾಸ್ಟಿಕ್ ಕೋನ್. ನಮ್ಮ ಮನೆಯಲ್ಲಿ ಅದಕ್ಕೆ ಲಾಳಿಕೆ ಎಂದೇ ಹೆಸರಾಯಿತು. ಅಂಚು ಮೂಗಿನ ತುದಿಯನ್ನು ಸ್ವಲ್ಪ ದಾಟಿರಬೇಕು, ಕೊರಳಿಗೂ ಪಟ್ಟಿಗೂ ನಡುವೆ ಎರಡು ಬೆರಳು ಹೋಗುವಷ್ಟು ಸಡಿಲವಿರಬೇಕು. ಈ ಅಳತೆ ತಪ್ಪಿದರೆ ಒಂದೋ ಬೆಕ್ಕು ಗಾಯವನ್ನು ಮುಟ್ಟುತ್ತದೆ, ಇಲ್ಲವೇ ಕೊರಳು ಉಜ್ಜಿ ಕೆಂಪಾಗುತ್ತದೆ. ಚಿನ್ನಿಗೆ ಅಳತೆ ಸರಿಯಾಗಿಯೇ ಇತ್ತು. ಆದರೂ ಮೊದಲ ಎರಡು ದಿನ ಅವಳು ಮುಂದಕ್ಕೆ ನಡೆಯಲೇ ಇಲ್ಲ. ಕೊರಳಲ್ಲಿರುವುದರಿಂದ ಹಿಂದೆ ಸರಿದು ಪಾರಾಗಬಹುದೆಂಬಂತೆ ಹಿಂದಕ್ಕೇ ನಡೆದು ಗೋಡೆಗೆ ತಾಗಿ ಕುಳಿತುಬಿಡುತ್ತಿದ್ದಳು. ಬಾಗಿಲಿನ ಹೊಸ್ತಿಲಿಗೆ ಕೋನಿನ ಕೆಳ ಅಂಚು ಸಿಕ್ಕಿಕೊಂಡು ತಲೆ ಜಗ್ಗುತ್ತಿತ್ತು. ಎಂದಿನ ಬಟ್ಟಲಿಗೆ ಬಾಯಿ ತಲುಪದೆ ಹಸಿದು ಕೂಗುತ್ತಿದ್ದಳು. ಬಟ್ಟಲಿನ ಬದಲು ಕೋನಿನ ಬಾಯಿಗಿಂತ ಚಿಕ್ಕದಾದ ಒಂದು ಚಪ್ಪಟೆ ಸ್ಟೀಲ್ ತಟ್ಟೆಯನ್ನು ದಪ್ಪ ಪುಸ್ತಕದ ಮೇಲೆ ಇಟ್ಟಾಗ ಕೋನು ತಟ್ಟೆಯ ಸುತ್ತ ಕವುಚಿಕೊಂಡಿತು, ಅವಳು ತಿಂದಳು. ಈ ಉಪಾಯ ನನಗೆ ಮೂರನೆಯ ದಿನ ಹೊಳೆಯಿತು. ಮೊದಲ ದಿನವೇ ಹೊಳೆದಿದ್ದರೆ ನಮ್ಮಿಬ್ಬರ ಕಷ್ಟವೂ ಅರ್ಧವಾಗುತ್ತಿತ್ತು.

ಕೋನಿನ ದೊಡ್ಡ ಗುಣ, ಅದು ಮರುಕಕ್ಕೆ ಬಗ್ಗುವುದಿಲ್ಲ, ಬಗ್ಗಿದ್ದು ನಾನು. ಐದನೆಯ ರಾತ್ರಿ ಅವಳು ಮೈ ನೆಕ್ಕಲು ಹೋಗಿ ಪ್ಲಾಸ್ಟಿಕ್ಕನ್ನೇ ಸರಸರನೆ ನೆಕ್ಕುತ್ತಿದ್ದ ಸದ್ದನ್ನು ಕೇಳಲಾರದೆ, ಅರ್ಧ ಗಂಟೆ ಬಿಚ್ಚಿಡೋಣವೆಂದು ಬಿಚ್ಚಿದೆ, ಪಕ್ಕದಲ್ಲಿಯೇ ಕುಳಿತೆ, ಹಾಗೆಯೇ ನಿದ್ದೆಹೋದೆ. ಬೆಕ್ಕಿನ ನಾಲಗೆಯ ಮೇಲಿರುವ ಸಣ್ಣ ಕೊಕ್ಕೆಗಳು ಹಿಂದಕ್ಕೆ ಬಾಗಿರುತ್ತವೆ, ಅದು ನೆಕ್ಕುವುದೆಂದರೆ ಅರ ಹಾಕಿ ಉಜ್ಜಿದಂತೆ. ಎಚ್ಚರವಾದಾಗ ಚರ್ಮದ ಎರಡು ಹೊಲಿಗೆಗಳು ಕಾಣಲಿಲ್ಲ, ಗಾಯದ ಒಂದು ತುದಿ ಬಾಯ್ದೆರೆದಿತ್ತು. ಹೊಟ್ಟೆಯ ಗೋಡೆಯನ್ನು ಒಳಗೆ ಬೇರೆಯಾಗಿ ಹೊಲಿದಿರುತ್ತಾರಾದ್ದರಿಂದ ಹೆಚ್ಚಿನ ಅಪಾಯವಾಗಲಿಲ್ಲ. ಮರುದಿನ ವೈದ್ಯರು ಮತ್ತೆ ಹೊಲಿಗೆ ಹಾಕಿ, ಕೋನಿನ ಅವಧಿಗೆ ಐದು ದಿನ ಸೇರಿಸಿದರು. ನನ್ನ ಅರ್ಧ ಗಂಟೆಯ ಕರುಣೆಗೆ ಅವಳು ತೆತ್ತ ಬೆಲೆ ಅದು.

ಎರಡನೆಯದಾಗಿ ತರಿಸಿದ್ದು ಗಾಳಿ ತುಂಬಿಸುವ, ಉದ್ದಿನ ವಡೆಯಾಕಾರದ ಕೊರಳಪಟ್ಟಿ. ನೋಡಲು ಬಹಳ ಮೃದು, ಬೆಕ್ಕು ಅದರ ಮೇಲೆ ಗಲ್ಲವಿಟ್ಟು ಮಲಗುತ್ತದೆ, ತಿನ್ನಲು ತೊಡಕಿಲ್ಲ. ಆದರೆ ಬೆಕ್ಕಿನ ಬೆನ್ನುಮೂಳೆ ಬಾಗುವ ಪರಿಯನ್ನು ಇದನ್ನು ಮಾಡಿದವರು ನೋಡಿರಲಾರರು. ಚಿನ್ನಿ ಒಂದು ಹಿಂಗಾಲನ್ನು ಕೊರಳಿನತ್ತ ಎತ್ತಿ, ವಡೆಯ ಮೇಲಿನಿಂದಲೇ ಹೊಟ್ಟೆಯ ಕೆಳಭಾಗವನ್ನು ತಲುಪಲು ಹತ್ತು ನಿಮಿಷ ಸಾಕಾಯಿತು. ಭುಜಕ್ಕೆ ಗಾಯವಾಗಿದ್ದರೆ ಬಳಸಬಹುದೇನೋ, ಈ ಶಸ್ತ್ರಚಿಕಿತ್ಸೆಗೆ ಅದು ದಂಡ.

ಪುಟ್ಟಿಗೆ ಬನಿಯನ್ ಹೊಲಿದೆ. ಯಜಮಾನರ ತೋಳಿರುವ ಹಳೆಯ ಹತ್ತಿ ಬನಿಯನ್ನುಗಳ ತೋಳಿನ ಭಾಗ ಬೆಕ್ಕಿನ ಮೈಗೆ ಚಿಕ್ಕದಾಯಿತು, ಮೈಯ ಭಾಗ ದೊಗಳೆಯಾಯಿತು. ಕೊನೆಗೆ ಮೈಯ ಭಾಗದಿಂದಲೇ ಒಂದು ಆಯತಾಕಾರದ ತುಂಡು ಕತ್ತರಿಸಿ, ಅದಕ್ಕೆ ನಾಲ್ಕು ಕಾಲುಗಳಿಗೆ ನಾಲ್ಕು ತೂತು ಮಾಡಿ, ಹೊಟ್ಟೆಯ ಕಡೆಯಿಂದ ತೊಡಿಸಿ, ಬೆನ್ನಿನ ಮೇಲೆ ಬಟ್ಟೆಯನ್ನು ಸೀಳಿ ಮಾಡಿದ ಆರು ಲಾಡಿಗಳಿಂದ ಗಂಟು ಹಾಕಿದೆ. ಹಿಂಗಾಲಿನ ತೂತುಗಳ ಅಂಚು ಗಟ್ಟಿಯಾಗಿ ಕೂರಬೇಕು, ಇಲ್ಲವಾದರೆ ಬೆಕ್ಕು ಅಲ್ಲಿಂದ ಮೂತಿ ತೂರಿಸುತ್ತದೆ. ಬಾಲದ ಕೆಳಗೆ ಬಟ್ಟೆಯನ್ನು ಧಾರಾಳವಾಗಿ ಕತ್ತರಿಸಿ ತೆರೆದಿಡಬೇಕು, ಇಲ್ಲವಾದರೆ ಮೂತ್ರದಲ್ಲಿ ತೊಯ್ದು ಗಾಯಕ್ಕೇ ತಾಗುತ್ತದೆ. ನಾನು ಮೊದಲು ಹೊಲಿದದ್ದು ಎರಡನೆಯ ತಪ್ಪಿನಿಂದ ಹಾಳಾಯಿತು, ಎರಡನೆಯದು ಮೊದಲನೆಯ ತಪ್ಪಿನಿಂದ, ಮೂರನೆಯದು ನಿಂತಿತು.

ತೊಡಿಸಿದ ಕೂಡಲೇ ಪುಟ್ಟಿ ಮೂಳೆಯೇ ಇಲ್ಲದವಳಂತೆ ಒಂದು ಪಕ್ಕಕ್ಕೆ ಉರುಳಿ ಬಿದ್ದಳು. ಅರಿವಳಿಕೆಯ ಅಮಲು ಇನ್ನೂ ಇಳಿದಿಲ್ಲವೆಂದು ನಾನು ಗಾಬರಿಯಾದೆ. ಮೈಗೆ ಬಟ್ಟೆ ತಾಗಿದಾಗ ಅನೇಕ ಬೆಕ್ಕುಗಳು ಹೀಗೆಯೇ ಸೆಟೆದೋ ಜೋತೋ ಬೀಳುತ್ತವೆ. ಮೀನಿನ ವಾಸನೆ ಬಂದಾಗ ಎದ್ದು, ಬಾತುಕೋಳಿಯಂತೆ ಹಿಂಗಾಲನ್ನು ಅಗಲಿಸಿ ನಡೆದು ಬಂದಳು. ಮರುದಿನ ಬೆಳಿಗ್ಗೆಯ ಹೊತ್ತಿಗೆ ಬಟ್ಟೆ ಇರುವುದನ್ನೇ ಮರೆತಿದ್ದಳು. ಚಿನ್ನಿ ಹತ್ತು ದಿನ ಸುರುಳಿ ಸುತ್ತಿ ಮಲಗಲಾಗಲಿಲ್ಲ, ಪುಟ್ಟಿ ಎರಡನೆಯ ರಾತ್ರಿಯೇ ಸುರುಳಿ ಸುತ್ತಿ ಮಲಗಿದಳು. ಮುಖ, ಮುಂಗಾಲುಗಳನ್ನು ನೆಕ್ಕಿ ಒಪ್ಪವಾಗಿಟ್ಟುಕೊಂಡಳು. ನನ್ನ ಪಾಲಿಗೆ ಇಡೀ ಹೋಲಿಕೆಯ ತೀರ್ಪು ಇಲ್ಲಿಯೇ ಆಯಿತು.

ಹಾಗೆಂದು ಬನಿಯನ್ ಎಲ್ಲ ಕಾಲಕ್ಕೂ ಸಲ್ಲುವುದಿಲ್ಲ. ಕೋನ್ ಹಾಕಿದ್ದರೆ ಗಾಯ ಸದಾ ಕಣ್ಣೆದುರಿಗಿರುತ್ತದೆ. ಬನಿಯನ್ನಿನ ಲಾಡಿಗಳನ್ನು ದಿನಕ್ಕೆ ಎರಡು ಬಾರಿ ಬಿಚ್ಚಿ, ಕೆಂಪು, ಬಾವು, ರಸಿಕೆ ಇದೆಯೇ ಎಂದು ನೋಡದಿದ್ದರೆ ಒಳಗೆ ಏನಾಗುತ್ತಿದೆಯೆಂಬುದು ತಿಳಿಯದು. ಜುಲೈ ತಿಂಗಳಲ್ಲಿ ನಮ್ಮೂರಿನಲ್ಲಿ ಒಗೆದ ಬನಿಯನ್ ಮೂರು ದಿನವಾದರೂ ಒಣಗುವುದಿಲ್ಲ, ಅರೆಬರೆ ಒಣಗಿದ ಬಟ್ಟೆಯನ್ನು ಹೊಲಿಗೆಯ ಮೇಲೆ ಕಟ್ಟುವುದೆಂದರೆ ಸೋಂಕನ್ನು ಕರೆದು ಕೂರಿಸಿದಂತೆ. ಆದ್ದರಿಂದ ಮಳೆಗಾಲದಲ್ಲಾದರೆ ಕನಿಷ್ಠ ಐದು ಬನಿಯನ್ನುಗಳೂ ಒಂದು ಇಸ್ತ್ರಿ ಪೆಟ್ಟಿಗೆಯೂ ಬೇಕು. ಬಟ್ಟೆಯನ್ನು ಹಲ್ಲಿನಿಂದ ಕಚ್ಚಿ ಹರಿಯುವ ಬೆಕ್ಕಿಗೆ, ಹಗಲಿಡೀ ಮನೆಯಲ್ಲಿ ಯಾರೂ ಇಲ್ಲದ ಕುಟುಂಬಕ್ಕೆ, ಆ ನಿಷ್ಕರುಣಿ ಲಾಳಿಕೆಯೇ ಲೇಸು.

ಗಂಡು ಬೆಕ್ಕನ್ನು ಸಾಕುವವರು ಇಷ್ಟೆಲ್ಲ ತಲೆ ಕೆಡಿಸಿಕೊಳ್ಳಬೇಕಾಗಿಲ್ಲ. ಅದರ ಗಾಯ ಸಾಮಾನ್ಯವಾಗಿ ಹೊಲಿಗೆಯೂ ಬೇಡದಷ್ಟು ಚಿಕ್ಕದು, ವಾರದೊಳಗೆ ಮಾಯುತ್ತದೆ. ಆದರೆ ಅದಾದ ಮೇಲೆಯೂ ಕೆಲವು ವಾರ ಅದು ಮರಿ ಹುಟ್ಟಿಸಬಲ್ಲದೆಂಬುದನ್ನು ಮಾತ್ರ ಮರೆಯಬಾರದು.

ಮಲಗಲು ಎಲ್ಲಿ ಬಿಡಬೇಕೆಂಬುದರಲ್ಲಿ ಮೂರು ಪ್ರಯೋಗಗಳಾದವು. ಬಚ್ಚಲುಮನೆಯಲ್ಲಿ ಜಿಗಿಯಲು ಏನೂ ಇಲ್ಲವೆಂಬುದೊಂದೇ ಲಾಭ. ನೆಲ ಒದ್ದೆ, ತಣ್ಣಗೆ, ಅಲ್ಲಿ ಚಿನ್ನಿ ಒಂದು ರಾತ್ರಿಯೂ ಸರಿಯಾಗಿ ಮಲಗಲಿಲ್ಲ. ಎರವಲು ತಂದ ಕಬ್ಬಿಣದ ಪಂಜರದಲ್ಲಿ ಮೊದಲು ಕೂಗಿದಳಾದರೂ, ಮೂರು ಬದಿಗೆ ಹಳೆಯ ಲುಂಗಿ ಇಳಿಬಿಟ್ಟ ಮೇಲೆ ಸುಮ್ಮನಾದಳು. ಬೆಕ್ಕಿಗೆ ಬೇಕಾದದ್ದು ಅಡಗಲು ಒಂದು ಮರೆ ಎಂಬುದು ಆಗ ತಿಳಿಯಿತು. ಪುಟ್ಟಿಗೆ ಚಿಕ್ಕ ಕೋಣೆಯಲ್ಲಿ ಮಂಚವನ್ನು ತೆಗೆದು, ಕಪಾಟಿನ ಮೇಲಕ್ಕೆ ಹಾರಲು ಮೆಟ್ಟಿಲಾಗುತ್ತಿದ್ದ ಕುರ್ಚಿಯನ್ನು ಹೊರಗಿಟ್ಟು, ಒಂದು ರಟ್ಟಿನ ಪೆಟ್ಟಿಗೆಯನ್ನು ಅಡ್ಡ ಮಲಗಿಸಿ, ಒಳಗೆ ಹಳೆಯ ಹತ್ತಿ ಸೀರೆಯನ್ನು ನಾಲ್ಕು ಮಡಿಕೆ ಹಾಕಿದೆ. ಈ ಮೂರರಲ್ಲಿ ಕೋಣೆಯೇ ಉತ್ತಮ, ಪಂಜರ ಅನಂತರದ್ದು. ಶೌಚದ ತಟ್ಟೆಗೆ ಮೊದಲ ದಿನಗಳಲ್ಲಿ ಹೊಯ್ಗೆಯ ಬದಲು ಹರಿದ ವೃತ್ತಪತ್ರಿಕೆ ಹಾಕುವುದು ಒಳ್ಳೆಯದು, ಹೊಯ್ಗೆಯ ಕಣಗಳು ಗಾಯಕ್ಕೆ ಅಂಟುತ್ತವೆ. ಚಿನ್ನಿ ಪರಿಚಯವಿಲ್ಲದ ಕಾಗದವನ್ನು ಕಂಡು ಇಡೀ ರಾತ್ರಿ ಮೂತ್ರ ತಡೆದುಕೊಂಡಿದ್ದರಿಂದ, ಪುಟ್ಟಿಗೆ ಒಂದು ವಾರ ಮೊದಲೇ ಕಾಗದವನ್ನು ರೂಢಿ ಮಾಡಿಸಿದೆ.

ಮೊದಲ ಸಂಜೆಯ ಚಳಿಯದು ಬೇರೆಯೇ ಪ್ರಶ್ನೆ. ಬೆಕ್ಕಿನ ಸಹಜ ಮೈಬಿಸಿ 38ರಿಂದ 39 ಡಿಗ್ರಿ ಸೆಲ್ಸಿಯಸ್ಸಿನ ಆಸುಪಾಸಿನಲ್ಲಿರುತ್ತದೆ, ಅರಿವಳಿಕೆಯ ನಂತರ ಅದು ಇಳಿಯುತ್ತದೆ. ವಿದ್ಯುತ್ತಿನ ಶಾಖಪಟ್ಟಿಯನ್ನು ನಾನು ಬಳಸಲಿಲ್ಲ, ಅಮಲಿನಲ್ಲಿರುವ ಬೆಕ್ಕು ಸುಡುತ್ತಿದ್ದರೂ ಸರಿದುಕೊಳ್ಳಲಾರದು. ಬಿಸಿನೀರು ತುಂಬಿದ ಬಾಟಲಿಗೆ ಬೈರಾಸು ಸುತ್ತಿ ಪೆಟ್ಟಿಗೆಯ ಒಂದೇ ಬದಿಯಲ್ಲಿಟ್ಟರೆ, ಬೇಕಾದರೆ ಒರಗಬಹುದು, ಬೇಡವಾದರೆ ದೂರವಾಗಬಹುದು. ಮಾರ್ಚ್ ತಿಂಗಳಲ್ಲಿ ಅದೂ ಬೇಕಾಗಲಿಲ್ಲ, ಫ್ಯಾನ್ ಆರಿಸಿದ್ದಷ್ಟೇ ಸಾಕಾಯಿತು.

ಊಟದ ವಿಷಯದಲ್ಲಿ ಮನೆಯಲ್ಲಿ ಎರಡು ಪಕ್ಷಗಳಿದ್ದವು. ಬಾಣಂತಿಗೂ ಇಷ್ಟು ಆರೈಕೆ ಇಲ್ಲವೆಂದು ನಗುತ್ತಲೇ ದೊಡ್ಡಮ್ಮ ಬಿಸಿ ಹಾಲನ್ನೂ ಮೊಸರನ್ನವನ್ನೂ ತಂದಿಟ್ಟರು. ದೊಡ್ಡ ಬೆಕ್ಕುಗಳಲ್ಲಿ ಹೆಚ್ಚಿನವಕ್ಕೆ ಹಾಲು ಅರಗುವುದಿಲ್ಲ. ಹೊಟ್ಟೆಗೆ ಹೊಲಿಗೆ ಬಿದ್ದ ಬೆಕ್ಕಿಗೆ ಭೇದಿ ಹಿಡಿದರೆ ಆಗುವ ಪಾಡನ್ನು ಚಿನ್ನಿ ಎರಡನೆಯ ದಿನ ತೋರಿಸಿಕೊಟ್ಟಳು. ಜೂನ್, ಜುಲೈ ತಿಂಗಳುಗಳಲ್ಲಿ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧವಿರುವುದರಿಂದ ಆಗ ತಾಜಾ ಬಂಗುಡೆ ದುಬಾರಿ, ಒಣಮೀನು ಉಪ್ಪಿನ ಗಟ್ಟಿ. ಹಾಗಾಗಿ ಅವಳಿಗೆ ಅಂಗಡಿಯ ಪೊಟ್ಟಣದ ತೇವದ ಆಹಾರವನ್ನೇ ಬಿಸಿನೀರಿನಲ್ಲಿ ಕದಡಿ ಕೊಟ್ಟೆ. ಪುಟ್ಟಿಗೆ ಉಪ್ಪು, ಈರುಳ್ಳಿ, ಬೆಳ್ಳುಳ್ಳಿ ಸೋಕದಂತೆ ಬೇಯಿಸಿ ಮುಳ್ಳು ಬಿಡಿಸಿದ ಬಂಗುಡೆ ಸಿಕ್ಕಿತು. ಈರುಳ್ಳಿ, ಬೆಳ್ಳುಳ್ಳಿಗಳು ಬೆಕ್ಕಿನ ರಕ್ತಕಣಗಳನ್ನೇ ಒಡೆಯುತ್ತವೆ. ಎರಡರಲ್ಲಿ ಯಾವುದಾದರೂ ಸರಿ, ಉಗುರುಬೆಚ್ಚಗಿರಬೇಕು, ವಾಸನೆ ಏಳಬೇಕು, ಮೊದಲ ಬಾರಿ ಎಂದಿನ ಕಾಲುಭಾಗದಷ್ಟೇ ಇರಬೇಕು. ಒಂದು ಹಗಲು ಒಂದು ರಾತ್ರಿ ಕಳೆದರೂ ಬೆಕ್ಕು ಏನನ್ನೂ ಮುಟ್ಟದಿದ್ದರೆ ಕಾಯದೆ ವೈದ್ಯರಿಗೆ ತಿಳಿಸಬೇಕು, ಏಕೆಂದರೆ ಉಪವಾಸ ಬಿದ್ದ ಬೆಕ್ಕಿನ, ಅದರಲ್ಲೂ ದಪ್ಪಗಿರುವ ಬೆಕ್ಕಿನ, ಯಕೃತ್ತಿನಲ್ಲಿ ಕೊಬ್ಬು ತುಂಬಿಕೊಳ್ಳುತ್ತದೆ.

ಔಷಧದಲ್ಲಿ ಹೋಲಿಕೆಗೆ ಎಡೆಯೇ ಇಲ್ಲ. ವೈದ್ಯರು ತೂಕ ನೋಡಿ ಬರೆದುಕೊಟ್ಟ ಮೆಲೊಕ್ಸಿಕಾಮ್ ಎಂಬ ನೋವುನಿವಾರಕ ಹನಿಗಳ ಹೊರತು ಮನೆಯ ಡಬ್ಬಿಯಲ್ಲಿರುವ ಯಾವುದನ್ನೂ ಕೊಡಬಾರದು. ಬೆಕ್ಕಿನ ಯಕೃತ್ತು ಪ್ಯಾರಸಿಟಮಾಲನ್ನು ನಿಭಾಯಿಸಲಾರದು, ನಾವು ಜ್ವರಕ್ಕೆ ನುಂಗುವ ಒಂದೇ ಮಾತ್ರೆ ಅದರ ಪ್ರಾಣ ತೆಗೆಯಬಲ್ಲದು. ಚಿನ್ನಿಯ ಗಾಯಕ್ಕೆ ಅರಿಸಿನ ಹಚ್ಚಿದ್ದು ನನ್ನ ಇನ್ನೊಂದು ಅವಿವೇಕ. ಸುತ್ತಲಿನ ಚರ್ಮವೆಲ್ಲ ಹಳದಿಯಾಗಿ, ಕೆಂಪಾಗಿದೆಯೋ ಇಲ್ಲವೋ ಎಂಬುದೇ ಕಾಣದಾಯಿತು. ನೆಲ ಒರೆಸುವ ಫಿನಾಯಿಲನ್ನೂ ಆ ಕೋಣೆಯಿಂದ ದೂರವಿಟ್ಟೆ.

ನಾನು ಎಣಿಸದೇ ಇದ್ದದ್ದು ಇನ್ನೊಂದು ಬೆಕ್ಕಿನ ಪಾತ್ರ. ಪುಟ್ಟಿ ಚಿಕಿತ್ಸಾಲಯದಿಂದ ಬಂದಾಗ, ಒಂದೇ ತಟ್ಟೆಯಲ್ಲಿ ಉಣ್ಣುತ್ತಿದ್ದ ಚಿನ್ನಿ ಬುಸುಗುಟ್ಟಿ ಬೆನ್ನೇರಿಸಿ ನಿಂತಳು. ಸ್ಪಿರಿಟ್ಟಿನ ವಾಸನೆ ಹೊತ್ತು ಬಂದವಳು ಅವಳಿಗೆ ಅಪರಿಚಿತಳೇ. ನಾಲ್ಕು ದಿನ ಬಾಗಿಲು ಮುಚ್ಚಿ, ಒಬ್ಬಳು ಮಲಗಿದ ಬಟ್ಟೆಯನ್ನು ಇನ್ನೊಬ್ಬಳ ಪೆಟ್ಟಿಗೆಗೆ ಬದಲಿಸುತ್ತಾ ಬಂದಾಗ ಜಗಳ ಇಳಿಯಿತು. ನಾನೂ ಬಾಗಿಲೊಳಗೆ ಸುಮ್ಮನೆ ಪುಸ್ತಕ ಹಿಡಿದು ಕೂರುವುದನ್ನು ಕಲಿತೆ. ಚಿನ್ನಿಯನ್ನು ಗಳಿಗೆಗೊಮ್ಮೆ ಎತ್ತಿ ಮುದ್ದಿಸಿದ್ದಕ್ಕಿಂತ, ಪುಟ್ಟಿ ತಾನಾಗಿ ಬಂದು ಮೊಣಕಾಲಿಗೆ ಹಣೆ ಒತ್ತುವವರೆಗೆ ಕಾದದ್ದು ಇಬ್ಬರಿಗೂ ಹಿತವಾಗಿತ್ತು.

ಕಳೆದ ತಿಂಗಳು ಹಿತ್ತಲಿನ ಸೌದೆ ಕೊಟ್ಟಿಗೆಯಿಂದ ಇನ್ನೊಂದು ಹೆಣ್ಣುಮರಿ ಒಳಗೆ ಬಂದು ಸೇರಿದೆ, ಅದರ ಸರದಿ ಮಳೆಗಾಲಕ್ಕೇ ಬೀಳುವಂತಿದೆ. ಐದು ಬನಿಯನ್ನುಗಳನ್ನು ಕತ್ತರಿಸಿ ಲಾಡಿ ಕಟ್ಟಿ ಇಟ್ಟಿದ್ದೇನೆ. ಅಟ್ಟದಲ್ಲಿದ್ದ ಲಾಳಿಕೆಯನ್ನೂ ಇಳಿಸಿ, ತೊಳೆದು, ಆ ಚಪ್ಪಟೆ ತಟ್ಟೆಯ ಜೊತೆಯಲ್ಲಿಯೇ ಇಟ್ಟಿದ್ದೇನೆ.