ಫೋಟೋದ ಬೆನ್ನು: ವಾಟ್ಸ್ಆ್ಯಪ್ ಬಳಗ, ಆಲ್ಬಮ್, ಚಾಪೆ

ಚಿಕ್ಕ ರೈಲಿನ ಡಬ್ಬಿಯ ಮುಂದೆ ಒಂದು ಮದುವೆಯ ದಿಬ್ಬಣ ನಿಂತಿದೆ. ವಧೂವರರ ಕೊರಳಲ್ಲಿ ಹಾರ ಇನ್ನೂ ಇದೆ. ಸುತ್ತ ಹನ್ನೊಂದು ಜನ. ಅಂಚಿನಲ್ಲಿರುವ ಹುಡುಗ ಹಿತ್ತಾಳೆಯ ಕೊಡವನ್ನು ಎದೆಗೆ ಅವಚಿಕೊಂಡಿದ್ದಾನೆ. ಶಿಡ್ಲಘಟ್ಟದ ನಮ್ಮ ಹಳೆಯ ಮನೆಯಲ್ಲಿ, ದೇವರ ಪಟಗಳ ಸಾಲಿನ ಕೊನೆಯಲ್ಲಿ, ನಾನು ಹುಟ್ಟುವ ಮೊದಲಿನಿಂದಲೂ ಈ ಫೋಟೋ ಕಟ್ಟಿನೊಳಗೆ ತೂಗಾಡುತ್ತಿತ್ತು. ಅದರಲ್ಲಿರುವವರ ಪೈಕಿ ನನ್ನ ಅಜ್ಜನೊಬ್ಬನನ್ನು ಬಿಟ್ಟು ಬೇರೆ ಯಾರ ಗುರುತೂ ಮನೆಯವರಿಗೆ ಉಳಿದಿರಲಿಲ್ಲ.

ಆ ರೈಲನ್ನು ಕಾಣದವರಿಗೆ ಎರಡು ಮಾತು. ಹಳಿಗಳ ನಡುವೆ ಬರೀ 2 ಅಡಿ 6 ಅಂಗುಲ ಅಂತರವಿದ್ದ ನ್ಯಾರೋಗೇಜ್ ಅದು. ಬೌರಿಂಗ್‌ಪೇಟೆ ಎಂದು ಕರೆಯುತ್ತಿದ್ದ ಇಂದಿನ ಬಂಗಾರಪೇಟೆಯಿಂದ ಕೋಲಾರಕ್ಕೆ 1913ರಲ್ಲಿ ಬಂದ ಈ ಕಿರಿದಾದ ಹಳಿ, ಮುಂದೆ ಶ್ರೀನಿವಾಸಪುರ, ಚಿಂತಾಮಣಿ, ಶಿಡ್ಲಘಟ್ಟಗಳನ್ನು ದಾಟಿ ಚಿಕ್ಕಬಳ್ಳಾಪುರದವರೆಗೂ ಹಬ್ಬಿತು. ಕೋಲಾರ ಮತ್ತು ಚಿಕ್ಕಬಳ್ಳಾಪುರದ ನಡುವೆ ಬ್ರಾಡ್‌ಗೇಜ್ ರೈಲು ಓಡಿದ್ದು 2013ರಲ್ಲಿ. ನನ್ನ ತಾಯಿಯ ಓರಗೆಯವರು ತವರಿಗೆ ಹೋಗಿಬಂದದ್ದು ಆ ಚಿಕ್ಕ ರೈಲಿನಲ್ಲಿ. ಅವರ ಮೊಮ್ಮಕ್ಕಳಿಗೆ ಅದರ ಹೆಸರೂ ಗೊತ್ತಿಲ್ಲ.

ಶಿಡ್ಲಘಟ್ಟ, ಚಿಂತಾಮಣಿ ಕಡೆಯ ನಾವು ಕೆಲವರು ಎರಡು ವರ್ಷಗಳಿಂದ ಇಂತಹ ಫೋಟೋಗಳನ್ನೂ ಅವುಗಳ ಹಿಂದಿನ ನೆನಪುಗಳನ್ನೂ ಕೂಡಿಹಾಕುತ್ತಿದ್ದೇವೆ. ಹೇಗೆ ಕೂಡಿಸಬೇಕು ಎಂಬ ವಿಷಯದಲ್ಲಿ ನಮ್ಮಲ್ಲೇ ಒಮ್ಮತವಿರಲಿಲ್ಲ. ಮೊಬೈಲ್ ಸಾಕು ಎಂದರು ಕೆಲವರು. ಕಂಪ್ಯೂಟರ್‌ನಲ್ಲಿ ವ್ಯವಸ್ಥಿತವಾಗಿ ಜೋಡಿಸದಿದ್ದರೆ ಎಲ್ಲವೂ ವ್ಯರ್ಥ ಎಂದರು ಇನ್ನು ಕೆಲವರು. ಮನೆಮನೆಗೆ ಹೋಗಿ ಕೂರದೆ ಏನೂ ಸಿಗುವುದಿಲ್ಲ ಎಂಬುದು ನನ್ನ ವಾದ. ಬಾಯಿಮಾತಿನ ವಾದ ಬೇಡವೆಂದು ಈ ಒಂದೇ ಫೋಟೋವನ್ನು ಎಲ್ಲ ದಾರಿಗಳಲ್ಲೂ ಕಳಿಸಿ ನೋಡಿದೆ.

ಮೊದಲು ವಾಟ್ಸ್ಆ್ಯಪ್ ಬಳಗ. ಹಾಕಿದ ಅರ್ಧ ಗಂಟೆಯೊಳಗೆ ಕೈಮುಗಿದ ಚಿತ್ರಗಳು, ಹೂವುಗಳು, "ಎಂಥ ಕಾಲ ಅದು" ಎಂಬ ಉದ್ಗಾರಗಳು ತುಂಬಿಹೋದವು. ಬೆಂಗಳೂರಿನಲ್ಲಿ, ದುಬೈನಲ್ಲಿ ಇರುವ ಊರಿನವರೂ ನೋಡಿದರು. ಇಷ್ಟು ಜನರನ್ನು ಇಷ್ಟು ಬೇಗ ತಲುಪುವ ಬೇರೆ ದಾರಿ ನಮ್ಮಲ್ಲಿಲ್ಲ, ಅದನ್ನು ಒಪ್ಪುತ್ತೇನೆ. ಇದು ನಂದಿ ನಿಲ್ದಾಣ ಎಂದರು ಒಬ್ಬರು. ಅಲ್ಲ, ಕೋಲಾರ ಎಂದರು ಮತ್ತೊಬ್ಬರು. ವರನು ತಮ್ಮ ದೊಡ್ಡಪ್ಪ ಎಂದು ಮೂರನೆಯವರು ಹೇಳಿದರು. ಸಂಜೆಯ ಹೊತ್ತಿಗೆ ಬಳಗದಲ್ಲಿ ಹಾಲಿನ ದರದ ಚರ್ಚೆ ಶುರುವಾಗಿ ಫೋಟೋ ಮೇಲಕ್ಕೆ ಸರಿದುಹೋಯಿತು. ಹತ್ತು ದಿನಗಳ ನಂತರ ಅದೇ ಫೋಟೋ ಬೇರೊಂದು ಬಳಗದಿಂದ ನನ್ನ ಮೊಬೈಲಿಗೇ ಮರಳಿ ಬಂದಾಗ ಅದರ ಕೆಳಗೆ "ನಂದಿ ನಿಲ್ದಾಣ, 1940" ಎಂದು ಬರೆದಿತ್ತು. ಯಾರು ಬರೆದರು, ಯಾವ ಆಧಾರದ ಮೇಲೆ, ತಿಳಿಯುವಂತಿರಲಿಲ್ಲ. ತಪ್ಪು ಮಾಹಿತಿಗೆ ಒಂದು ಇಸವಿ ಅಂಟಿಕೊಂಡರೆ ಅದನ್ನು ಕೀಳುವುದು ಎಷ್ಟು ಕಷ್ಟ ಎಂಬುದನ್ನು ಅಂದು ಕಂಡೆ. ನನಗೆ ನಿಜಕ್ಕೂ ನೋವಾಯಿತು, ಏಕೆಂದರೆ ಅದರಲ್ಲಿ ನನ್ನ ಅಜ್ಜ ಇದ್ದಾನೆ.

ಬಳಗಗಳನ್ನು ನಡೆಸುವವರಿಗೆ ಒಂದು ಉಪಯುಕ್ತ ಮಾತು. ಫೋಟೋವನ್ನು ಫೋಟೋ ಎಂದೇ ಕಳಿಸಿದರೆ ಗಾತ್ರ ಕುಗ್ಗಿ, ಹಿಂದಿನ ಸಾಲಿನ ಮುಖಗಳು ಮಸುಕಾಗುತ್ತವೆ. ಡಾಕ್ಯುಮೆಂಟ್ ಎಂದು ಕಳಿಸಿದರೆ ಮೂಲ ಕಡತವೇ ತಲುಪುತ್ತದೆ. ಇನ್ನೊಂದು, ನಮ್ಮ ಭಾಗದಲ್ಲಿ ಮನೆಯ ಮಾತು ಹಲವರಿಗೆ ತೆಲುಗು, ರೇಷ್ಮೆ ಗೂಡಿನಿಂದ ನೂಲು ಬಿಚ್ಚುವ ಎಷ್ಟೋ ಕುಟುಂಬಗಳಿಗೆ ಉರ್ದು. ಕನ್ನಡದಲ್ಲಿ ಬರೆಯಿರಿ ಎಂದಾಗ ಸುಮ್ಮನಿದ್ದ ಹಿರಿಯರು, ಧ್ವನಿ ಸಂದೇಶ ಕಳಿಸಿ ಎಂದಾಗ ಐದು ಐದು ನಿಮಿಷ ಮಾತನಾಡಿದರು. ಬಳಗದಿಂದ ನಮಗೆ ದೊರೆತ ಒಳ್ಳೆಯದೆಲ್ಲ ಬಂದದ್ದು ಆ ಧ್ವನಿಗಳಿಂದ.

ಎರಡನೆಯದು, ಎಲ್ಲರೂ ತೆರೆದು ನೋಡಬಹುದಾದ ಅಂತರ್ಜಾಲದ ಆಲ್ಬಮ್. ಗೂಗಲ್ ಖಾತೆಯೊಂದರಲ್ಲಿ ಉಚಿತವಾಗಿ ಸಿಗುವುದು 15 ಜಿಬಿ ಜಾಗ, ನಮ್ಮಂಥವರಿಗೆ ಆರಂಭಕ್ಕೆ ಅದು ಸಾಕು. ಬೀದಿಗೊಂದು ಕಡತಕೋಶ, ಪ್ರತಿ ಫೋಟೋಗೂ ಒಂದು ಸಂಖ್ಯೆ, ಯಾರ ಮನೆಯದು, ಯಾವಾಗ ಪ್ರತಿ ಮಾಡಿದೆವು ಎಂಬ ವಿವರ. ಈ ಕೆಲಸವನ್ನು ನಮ್ಮಲ್ಲಿನ ಒಬ್ಬ ಶಿಕ್ಷಕಿ ಎಷ್ಟು ಶ್ರದ್ಧೆಯಿಂದ ಮಾಡಿದರೆಂದರೆ, ಇವತ್ತಿಗೂ ಯಾವ ಫೋಟೋ ಕೇಳಿದರೂ ಎರಡು ನಿಮಿಷದಲ್ಲಿ ತೆಗೆದು ಕೊಡಬಹುದು. ವಾಟ್ಸ್ಆ್ಯಪ್‌ನಲ್ಲಿ ಇದು ಸಾಧ್ಯವೇ ಇಲ್ಲ. ಆದರೆ ನನ್ನ ದಿಬ್ಬಣದ ಫೋಟೋ ಅಲ್ಲಿ ಎಂಟು ತಿಂಗಳು ಇದ್ದರೂ ಒಬ್ಬರೂ ಒಂದು ಅಕ್ಷರ ಬರೆಯಲಿಲ್ಲ. ನೆನಪಿರುವ ಹಿರಿಯರು ಆಲ್ಬಮ್ ತೆರೆಯುವುದಿಲ್ಲ, ತೆರೆಯುವ ಕಿರಿಯರಿಗೆ ನೆನಪಿಲ್ಲ.

ಆಲ್ಬಮ್ಮಿಗೆ ಹಾಕುವ ಪ್ರತಿಯನ್ನು ತೆಗೆಯುವುದರಲ್ಲೂ ಎರಡು ಪಂಗಡವಾಗಿತ್ತು. ಸ್ಕ್ಯಾನರ್ ಒಳ್ಳೆಯದೋ, ಮೊಬೈಲ್ ಕ್ಯಾಮೆರಾ ಒಳ್ಳೆಯದೋ? 4 ಅಂಗುಲ 6 ಅಂಗುಲದ ಫೋಟೋವನ್ನು 600 ಡಿಪಿಐಯಲ್ಲಿ, ಅಂದರೆ ಅಂಗುಲಕ್ಕೆ 600 ಚುಕ್ಕೆಗಳಂತೆ, ಸ್ಕ್ಯಾನ್ ಮಾಡಿದರೆ ಒಂದು ಬದಿಗೆ 2400, ಇನ್ನೊಂದು ಬದಿಗೆ 3600 ಚುಕ್ಕೆಗಳು ಸಿಗುತ್ತವೆ. ಕುಗ್ಗಿಸದೆ ಉಳಿಸಿದರೆ ಒಂದು ಬಣ್ಣದ ಕಡತ ಸುಮಾರು 26 ಎಂಬಿ ಆಗುತ್ತದೆ. ಮುಖಗಳ ಗುರುತಿಗೆ ಇದಕ್ಕಿಂತ ಹೆಚ್ಚು ಬೇಕಿಲ್ಲ. ಬಿಡಿ ಫೋಟೋಗಳಿಗೆ ಸ್ಕ್ಯಾನರ್ ಮುಂದೆ ಮೊಬೈಲ್ ನಿಲ್ಲುವುದಿಲ್ಲ, ಸೊಟ್ಟಗಾಗುವ ಭಯವಿಲ್ಲ, ಹೊಳಪು ಬೀಳುವುದಿಲ್ಲ. ಆದರೆ ಹಳೆಯ ಕಪ್ಪು ಬಿಳುಪು ಫೋಟೋಗಳ ಕಪ್ಪು ಭಾಗದ ಮೇಲೆ ಬೆಳ್ಳಿ ತೇಲಿ ಬಂದಿರುತ್ತದೆ. ಓರೆಯಾಗಿ ಹಿಡಿದರೆ ನೀಲಿಯಾಗಿ ಮಿನುಗುತ್ತದಲ್ಲ, ಅದು. ನಮ್ಮ ಸ್ಕ್ಯಾನರ್‌ನ ಬೆಳಕಿಗೆ ಆ ಭಾಗ ಬೂದಿ ಹಚ್ಚಿದಂತೆ ಕಂಡಿತು. ಅಂಥವುಗಳನ್ನು ಜಗಲಿಯ ನೆರಳಿನಲ್ಲಿ, ಬೆಳಕು ಒಂದೇ ಬದಿಯಿಂದ ಬೀಳುವಂತೆ ಇಟ್ಟು ಮೊಬೈಲಿನಲ್ಲಿ ತೆಗೆದಾಗ ಚೆನ್ನಾಗಿ ಬಂದವು. ಗಾಜಿಗೆ ಅಂಟಿಹೋದ ಫೋಟೋಗಳಿಗೂ ಮೊಬೈಲೇ ಸರಿ, ಗಾಜಿನ ಮೇಲಿನಿಂದಲೇ ತೆಗೆಯಬೇಕು. ಕಿತ್ತರೆ ಮುಖವೇ ಗಾಜಿನಲ್ಲಿ ಉಳಿಯುತ್ತದೆ. ಒಂದು ಮನೆಯಲ್ಲಿ ಹಾಗೆ ಆದದ್ದನ್ನು ಕಣ್ಣಾರೆ ಕಂಡು ಆ ರಾತ್ರಿ ನಿದ್ದೆ ಬರಲಿಲ್ಲ.

ಇನ್ನು ಮೂರನೆಯದು, ಚಾಪೆ. ಭಾನುವಾರ ಬೆಳಿಗ್ಗೆ ಯಾವುದಾದರೊಂದು ಮನೆಯ ಜಗಲಿಯಲ್ಲಿ ಚಾಪೆ ಹಾಸಿ, ಆ ಬೀದಿಯವರು ತಂದ ಫೋಟೋಗಳನ್ನು ಹರಡಿ, ಹಿರಿಯರನ್ನು ನಡುವೆ ಕೂರಿಸುತ್ತೇವೆ. ಕಾಫಿ ಬರುತ್ತದೆ. ಮಾತನ್ನು ಮೊಬೈಲಿನಲ್ಲಿ ಧ್ವನಿಮುದ್ರಣ ಮಾಡುತ್ತೇವೆ, ಮುಂಚೆ ಒಪ್ಪಿಗೆ ಕೇಳಿಯೇ. ಒಂದು ಬೆಳಿಗ್ಗೆಗೆ ಹದಿನೈದು ಇಪ್ಪತ್ತು ಫೋಟೋ ದಾಟುವುದಿಲ್ಲ. ನಿಧಾನ ಎಂಬ ದೂರು ನ್ಯಾಯವಾದದ್ದೇ. ಆದರೆ ಇಲ್ಲಿ ಸಿಗುವಂಥದು ಬೇರೆಲ್ಲೂ ಸಿಗಲಿಲ್ಲ.

ಒಂದು ಉದಾಹರಣೆ ಹೇಳುತ್ತೇನೆ. ಮನೆಯ ಗೋಡೆಗೆ ದೊಡ್ಡ ಬಿದಿರಿನ ತಟ್ಟಿಗಳನ್ನು ಓರೆಯಾಗಿ ಒರಗಿಸಿದ ಫೋಟೋ ಒಂದಿತ್ತು. ಆಲ್ಬಮ್ಮಿನಲ್ಲಿ ನಾವೇ ಅದಕ್ಕೆ "ಬಿಸಿಲಿಗೆ ಒಣಗಲು ಇಟ್ಟ ತಟ್ಟಿಗಳು" ಎಂದು ಬರೆದಿದ್ದೆವು. ಚಾಪೆಯ ಮೇಲೆ ಅದನ್ನು ಕಂಡ ಅಜ್ಜಿಯೊಬ್ಬರು ಬೇಸರದಿಂದ ತಲೆಯಾಡಿಸಿದರು. ಅವು ಚಂದ್ರಿಕೆಗಳು, ಅವುಗಳ ಸುರುಳಿಗಳಲ್ಲಿ ರೇಷ್ಮೆಹುಳುಗಳು ಗೂಡು ಕಟ್ಟುತ್ತಿವೆ, ಬಿಸಿಲಿಗೆ ಇಟ್ಟರೆ ಬೆಳೆಯೇ ಹೋಗುತ್ತದೆ, ಇದು ಸೂರಿನ ನೆರಳು ಎಂದರು. ಅಲ್ಲಿಂದ ಮಾತು ಹರಿಯಿತು. ನಾಲ್ಕನೆಯ ಜ್ವರ, ಅಂದರೆ ನಾಲ್ಕನೆಯ ಸಲ ಪೊರೆ ಬಿಡುವ ಹಂತ, ಎದ್ದ ಮೇಲೆ ಹುಳು ಸೊಪ್ಪು ತಿನ್ನುವ ಸದ್ದು ರಾತ್ರಿ ಮಳೆ ಬಿದ್ದಂತೆ ಕೇಳುತ್ತಿತ್ತು, ಆ ದಿನಗಳಲ್ಲಿ ಮನೆಯವರು ನಡುಮನೆಯನ್ನು ಹುಳುಗಳಿಗೆ ಬಿಟ್ಟು ತಾವು ಜಗಲಿಯಲ್ಲಿ ಮಲಗುತ್ತಿದ್ದರು. ರೇಷ್ಮೆಯಿಂದಲೇ ಬದುಕುವ ಊರಿನಲ್ಲಿ ಹುಟ್ಟಿದ ನಾವು ಚಂದ್ರಿಕೆಯನ್ನು ತಟ್ಟಿ ಎಂದು ಬರೆದಿದ್ದೆವು. ಆ ಅಜ್ಜಿ ಅಂದು ಬಾರದೆ ಇದ್ದಿದ್ದರೆ ಆ ಸಾಲು ಹಾಗೆಯೇ ಉಳಿಯುತ್ತಿತ್ತು.

ನನ್ನ ದಿಬ್ಬಣದ ಫೋಟೋವನ್ನು ಕಟ್ಟು ಸಮೇತ ಚಾಪೆಗೆ ಒಯ್ದದ್ದು ಮೂರನೆಯ ಭಾನುವಾರ. ಹಿಂದೆ ಚರಕದಲ್ಲಿ ನೂಲು ಬಿಚ್ಚುತ್ತಿದ್ದ ಹಿರಿಯರೊಬ್ಬರು ಅದನ್ನು ಬಹಳ ಹೊತ್ತು ಕೈಯಲ್ಲಿ ಹಿಡಿದು ನೋಡಿ, "ಇದರ ಬೆನ್ನು ನೋಡಿದ್ದೀರಾ?" ಎಂದು ಕೇಳಿದರು. ನೋಡಿರಲಿಲ್ಲ. ವಾಟ್ಸ್ಆ್ಯಪ್‌ಗೆ ಹಾಕಿದ್ದು ಮುಂಭಾಗ, ಆಲ್ಬಮ್ಮಿಗೆ ಹಾಕಿದ್ದೂ ಮುಂಭಾಗ. ಫೋಟೋಗೊಂದು ಬೆನ್ನಿದೆ ಎಂಬುದೇ ನಮ್ಮ ಲೆಕ್ಕದಲ್ಲಿರಲಿಲ್ಲ.

ತುಕ್ಕು ಹಿಡಿದ ಮೊಳೆಗಳನ್ನು ಒಂದೊಂದಾಗಿ ಸಡಿಲಿಸಿದೆವು. ಪುಣ್ಯಕ್ಕೆ ಫೋಟೋ ಗಾಜಿಗೆ ಅಂಟಿರಲಿಲ್ಲ. ಹಿಂದೆ ಸ್ಟುಡಿಯೋದ ನೇರಳೆ ಮೊಹರು. ಹೆಸರು ಅಳಿಸಿದೆ, ಕೆಳಗಿನ ಸಾಲು ಓದಲು ಬರುತ್ತದೆ: ಕೋಲಾರ ಜಿಲ್ಲೆ, ಮೈಸೂರು ರಾಜ್ಯ. ಪಿನ್ ಕೋಡ್ ಇಲ್ಲ. ಕೋಲಾರ ಜಿಲ್ಲೆ ಎಂಬುದರಿಂದ ಹೆಚ್ಚು ತಿಳಿಯುವುದಿಲ್ಲ, ಚಿಕ್ಕಬಳ್ಳಾಪುರ ಬೇರೆ ಜಿಲ್ಲೆಯಾದದ್ದು 2007ರಲ್ಲಿ. ಆದರೆ ರಾಜ್ಯಕ್ಕೆ ಕರ್ನಾಟಕ ಎಂಬ ಹೆಸರು ಬಂದದ್ದು 1973ರ ನವೆಂಬರ್ 1ರಂದು, ಪಿನ್ ಕೋಡ್ ಜಾರಿಗೆ ಬಂದದ್ದು 1972ರ ಆಗಸ್ಟ್ 15ರಂದು. ರಬ್ಬರ್ ಮೊಹರನ್ನು ಯಾರೂ ಮಾರನೆಯ ದಿನವೇ ಬದಲಿಸುವುದಿಲ್ಲ, ಒಂದೆರಡು ವರ್ಷ ಸಡಿಲ ಬಿಡೋಣ. ಆದರೂ ಈ ಫೋಟೋ ಎಪ್ಪತ್ತರ ದಶಕದ ನಡುವಿಗಿಂತ ಈಚಿನದಲ್ಲ. ಹಾಗೆಯೇ 1940 ಎಂಬುದೂ ಸುಳ್ಳಿರಬೇಕು, ಆಗಿದ್ದದ್ದು ಮೈಸೂರು ಸಂಸ್ಥಾನ.

ಅಷ್ಟರಲ್ಲಿ ಎದುರು ಕುಳಿತಿದ್ದ ಹೆಂಗಸೊಬ್ಬರು ಕೊಡ ಹಿಡಿದ ಹುಡುಗನ ಮೇಲೆ ಬೆರಳಿಟ್ಟರು. ಅವನು ಅವರ ಮೈದುನ. ಮದುವೆ ಅವರ ಗಂಡನ ಅಕ್ಕನದು. ಅಮಾನಿಕೆರೆ ಕೋಡಿ ಬಿದ್ದ ವರ್ಷ, ತಮ್ಮ ಎರಡನೆಯ ಮಗಳು ಹೊಟ್ಟೆಯಲ್ಲಿದ್ದಳು, ಆದ್ದರಿಂದಲೇ ತಾವು ದಿಬ್ಬಣದ ಜೊತೆ ಹೋಗಲಿಲ್ಲ ಎಂದರು. ಮಗಳ ಎಸ್ಸೆಸ್ಸೆಲ್ಸಿ ಅಂಕಪಟ್ಟಿ ತರಿಸಿದೆವು. ಜನನ 1968 ಎಂದಿದೆ. ಆ ಕಾಲದಲ್ಲಿ ಶಾಲೆಗೆ ಸೇರಿಸುವಾಗ ಮೇಷ್ಟ್ರು ಅಂದಾಜಿನಲ್ಲಿ ಬರೆದುಕೊಳ್ಳುತ್ತಿದ್ದ ಜನ್ಮದಿನ ಒಂದೆರಡು ವರ್ಷ ಆಚೀಚೆ ಇರುವುದುಂಟು. ಹಾಗಾಗಿ ನಮ್ಮ ಪಟ್ಟಿಯಲ್ಲಿ "1965ರಿಂದ 1970ರ ನಡುವೆ" ಎಂದು ಬರೆದು, ಯಾರ ಮಾತಿನಿಂದ ತಿಳಿಯಿತು ಎಂಬುದನ್ನೂ ಪಕ್ಕದಲ್ಲಿ ಸೇರಿಸಿದೆವು. ಹೆಸರಿಲ್ಲದೆ ಗೋಡೆಯಲ್ಲಿದ್ದವರಲ್ಲಿ ಏಳು ಜನರಿಗೆ ಆ ಒಂದು ಬೆಳಿಗ್ಗೆ ಹೆಸರು ಮರಳಿತು.

ಊರಹಬ್ಬದ ದಿನ ಫೋಟೋಗಳನ್ನು ದೊಡ್ಡದಾಗಿ ಮುದ್ರಿಸಿ ಗೋಡೆಗೆ ಹಚ್ಚಿದ್ದೂ ಆಯಿತು. ಜನ ಮುಗಿಬಿದ್ದು ನೋಡಿದರು, ಆದರೆ ಗದ್ದಲದಲ್ಲಿ ಯಾರು ಏನು ಹೇಳಿದರೆಂದು ಬರೆದುಕೊಳ್ಳಲಾಗಲಿಲ್ಲ. ಮುದ್ರಣದ ಖರ್ಚಿಗೆ ಹೋಲಿಸಿದರೆ ಕೈಗೆ ಬಂದದ್ದು ಕಡಿಮೆ. ಮತ್ತೊಮ್ಮೆ ಮಾಡಿದರೆ ಪ್ರತಿ ಫೋಟೋದ ಕೆಳಗೆ ಖಾಲಿ ಹಾಳೆ ಮತ್ತು ಪೆನ್ಸಿಲ್ ಕಟ್ಟುತ್ತೇನೆ.

ವಿಕಿಮೀಡಿಯ ಕಾಮನ್ಸ್‌ನಂತಹ ಸಾರ್ವಜನಿಕ ಭಂಡಾರಕ್ಕೆ ಎಲ್ಲವನ್ನೂ ಏರಿಸಿಬಿಡೋಣ ಎಂಬ ಸಲಹೆಯೂ ಬಂತು. ಕೆರೆ, ಗುಡಿ, ನಿಲ್ದಾಣ, ಬೀದಿಯ ಚಿತ್ರಗಳಿಗೆ ಅದು ಬಹಳ ಒಳ್ಳೆಯ ಜಾಗ, ನಮ್ಮ ಬಳಗ ಚದುರಿದರೂ ಅವು ಅಲ್ಲಿ ಉಳಿಯುತ್ತವೆ. ಹಕ್ಕು ಯಾರದೆಂದು ಮಾತ್ರ ಮೊದಲೇ ನೋಡಿಕೊಳ್ಳಬೇಕು. ಆದರೆ ಅಲ್ಲಿಗೆ ಹೋದ ಚಿತ್ರವನ್ನು ಯಾರು ಬೇಕಾದರೂ, ವ್ಯಾಪಾರಕ್ಕೂ ಬಳಸಬಹುದು. ಮನೆಯ ಹೆಣ್ಣುಮಕ್ಕಳ ಫೋಟೋ ಕೊಟ್ಟವರಿಗೆ ಇದನ್ನು ಬಿಡಿಸಿ ಹೇಳಿದಾಗ ಹೆಚ್ಚಿನವರು ಬೇಡವೆಂದರು. ಅವರ ಮಾತಿಗೆ ವಿರುದ್ಧವಾಗಿ ನಾವು ಒಂದನ್ನೂ ಹಾಕಿಲ್ಲ, ಹಾಕುವುದೂ ಇಲ್ಲ.

ನನ್ನ ಆಯ್ಕೆ ಯಾವುದೆಂದು ಕೇಳಿದರೆ ಚಾಪೆ ಎಂದೇ ಹೇಳುತ್ತೇನೆ. ವಾಟ್ಸ್ಆ್ಯಪ್‌ನಲ್ಲಿ ಈಗ ನಾವು ಫೋಟೋ ಹಾಕಿ ಗುರುತು ಕೇಳುವುದಿಲ್ಲ, ಮುಂದಿನ ಭಾನುವಾರ ಯಾರ ಜಗಲಿ ಎಂದು ತಿಳಿಸುತ್ತೇವೆ, ಧ್ವನಿ ಸಂದೇಶ ಬೇಡುತ್ತೇವೆ. ಆಲ್ಬಮ್ಮಿಗೆ ಫೋಟೋ ಹೋಗುವುದು ಚಾಪೆಯಿಂದ ಎದ್ದ ಮೇಲೆ, ಮುಂದು ಹಿಂದು ಎರಡೂ ಬದಿಯ ಪ್ರತಿಯೊಂದಿಗೆ. ಗುರುತಿನ ಸಂಖ್ಯೆಯನ್ನು ಮೂಲ ಫೋಟೋದ ಹಿಂದೆ ಮೆತ್ತನೆಯ ಪೆನ್ಸಿಲ್ಲಿನಲ್ಲಿ ಬರೆಯುತ್ತೇವೆ. ಪೆನ್ನಿನ ಶಾಯಿ ಮುಂಭಾಗಕ್ಕೆ ಇಳಿಯುತ್ತದೆ. ಆಲ್ಬಮ್ಮೇ ಮೊದಲು ಬರಬೇಕೆನ್ನುವ ಗೆಳೆಯರು ಹಿರಿಯರ ವಯಸ್ಸನ್ನು ಮರೆಯುತ್ತಾರೆ. ಸ್ಕ್ಯಾನ್ ಮಾಡಲು ಮುಂದಿನ ವರ್ಷವೂ ಆದೀತು. ಚಂದ್ರಿಕೆಯ ವಿಷಯ ಹೇಳಿದ ಅಜ್ಜಿ ಈ ಸಂಕ್ರಾಂತಿಗೆ ಮುಂಚೆ ತೀರಿಕೊಂಡರು.

ಮೊಹರಿನ ಕೆಳಗೆ, ಮೂಲೆಯಲ್ಲಿ, ತೆಲುಗು ಲಿಪಿಯಲ್ಲಿ ಪೆನ್ಸಿಲ್ಲಿನ ಒಂದು ಬರಹವೂ ಇತ್ತು: ಮೂರು ಪ್ರತಿ. ಅಂದರೆ ಇನ್ನೆರಡು ಎಲ್ಲೋ ಇರಬೇಕು. ವಧುವಿನ ಕಡೆಯವರನ್ನು ಹುಡುಕುತ್ತಾ ಚಿಂತಾಮಣಿಯ ಒಂದು ಮನೆಗೆ ಹೋದೆವು. ಬೀರುವಿನ ಬಟ್ಟೆಗಳ ಅಡಿಯಿಂದ, ಮಲ್ಲು ಬಟ್ಟೆಯಲ್ಲಿ ಸುತ್ತಿದ್ದ ಎರಡನೆಯ ಪ್ರತಿಯನ್ನು ಅವರು ತೆಗೆದುಕೊಟ್ಟರು. ನಮ್ಮದನ್ನು ಕಟ್ಟಿಗೆ ಹೊಂದಿಸಲು ಯಾರೋ ಬಲಬದಿಯಲ್ಲಿ ಎರಡು ಬೆರಳಿನಷ್ಟು ಕತ್ತರಿಸಿದ್ದರು ಎಂಬುದು ಆಗ ತಿಳಿಯಿತು. ಅವರ ಪ್ರತಿಯಲ್ಲಿ ಆ ಭಾಗ ಉಳಿದಿದೆ. ಹುಡುಗನ ಪಕ್ಕದಲ್ಲಿ ಸೆರಗು ಹೊದ್ದ ಇನ್ನೊಬ್ಬ ಹೆಂಗಸು ನಿಂತಿದ್ದಾಳೆ. ಅವಳ ಹಿಂದೆ ನಿಲ್ದಾಣದ ಹಲಗೆ, ಅದರ ಮೇಲೆ ಕನ್ನಡದ ಕೊನೆಯ ಎರಡು ಅಕ್ಷರಗಳು: ಘಟ್ಟ.